ನಾಲ್ಕು ದಿನ, ಏಳು ಜನ, ಬೆಂಗಳೂರು: ಎಲ್ಲಿ ಉಣ್ಣೋದು?

ಪ್ರಶ್ನೆ: ನಾನು ಹಾವೇರಿ ಕಡೆಯವನು. ಕೆಲಸದ ಮೇಲೆ ಬೆಂಗಳೂರಿಗೆ ಬಂದು ವಿಜಯನಗರದಲ್ಲಿ ಮನೆ ಮಾಡಿದ್ದೇನೆ. ಮುಂದಿನ ತಿಂಗಳು ಅಪ್ಪ, ಅವ್ವ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಶುಕ್ರವಾರದಿಂದ ಸೋಮವಾರದವರೆಗೆ ಬಂದಿರುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಮಂಡಿನೋವು ಬೇರೆ, ನಿಂತು ತಿನ್ನಲಾಗದು. ಅವ್ವ ಮಾಂಸ ಬೇಯಿಸುವ ಹೋಟೆಲಿಗೆ ಕಾಲಿಡುವುದಿಲ್ಲ. ಭಾವನಿಗೆ ಮಿಲಿಟರಿ ಹೋಟೆಲ್ ನೋಡಲೇಬೇಕಂತೆ. ಹಿಂದಿನ ಸಲ 4.5 ರೇಟಿಂಗ್ ನೋಡಿ ಒಂದು ಕಡೆ ಕರೆದುಕೊಂಡು ಹೋದೆ. ಎರಡು ತಾಸು ಕಾದು, ತಣ್ಣಗಾದದ್ದನ್ನು ತಿಂದು, ಸರ್ವಿಸ್ ಚಾರ್ಜ್ ಕೂಡ ಕಟ್ಟಿ ಬಂದೆವು. ಇಷ್ಟು ದೊಡ್ಡ ಊರಲ್ಲಿ ಒಳ್ಳೆ ಹೋಟೆಲ್ ಆರಿಸುವುದು ಹೇಗೆ?

ಉತ್ತರ:

‘ಒಳ್ಳೆ ಹೋಟೆಲ್ ಯಾವುದು’ ಎಂದು ಹುಡುಕಲು ಹೋಗಿದ್ದರಿಂದಲೇ ನಿಮಗೆ ಆ ಎರಡು ತಾಸು ಹೋಯಿತು. ಬೆಂಗಳೂರಿನಲ್ಲಿ ಎಲ್ಲ ಹೊತ್ತಿಗೂ, ಎಲ್ಲ ತಿಂಡಿಗೂ ಒಳ್ಳೆಯದಾದ ಹೋಟೆಲ್ ಎಂಬುದೇ ಇಲ್ಲ. ಬೆಳಿಗ್ಗೆ ಏಳಕ್ಕೆ ಇಡ್ಲಿ ಚೆನ್ನಾಗಿರುವ ಕಡೆ ಸಂಜೆ ಏಳಕ್ಕೆ ಅದೇ ಇಡ್ಲಿ ತಿನ್ನಲಾಗದು. ದೋಸೆಗೆ ಹೆಸರಾದ ಕಡೆ ಪೂರಿ ಕೇಳಿದರೆ ಪಶ್ಚಾತ್ತಾಪ ಖಚಿತ. ಹೋಟೆಲ್ ಲೈನಿನವರು ‘ಓಡುವ ಐಟಂ’ ಎನ್ನುತ್ತಾರೆ. ಅಂದರೆ ಆ ಹೋಟೆಲಿನಲ್ಲಿ ಆ ಹೊತ್ತಿಗೆ ಮಾಡಿದ ಹಾಗೆ ಖರ್ಚಾಗುತ್ತಿರುವ ಪದಾರ್ಥ. ನಿಮ್ಮ ತಟ್ಟೆಗೆ ಅದೇ ಬರುವ ಹಾಗೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಏರಿಯಾ, ಹೊತ್ತು, ತಿಂಡಿ ಇಷ್ಟು ಮೊದಲು ತೀರ್ಮಾನವಾಗಲಿ, ಬೋರ್ಡಿನ ಹೆಸರು ಆಮೇಲೆ ನೋಡಿದರಾಯಿತು.

ಕಾರಣ ಸರಳ. ರುಬ್ಬಿದ ಹಿಟ್ಟು ಹುಳಿಯುತ್ತಲೇ ಹೋಗುತ್ತದೆ. ತೆಂಗಿನಕಾಯಿ ಚಟ್ನಿ ಸೆಕೆಗಾಲದಲ್ಲಿ ಕೆಲವೇ ಗಂಟೆಗೆ ವಾಸನೆ ಹಿಡಿಯುತ್ತದೆ. ವಡೆ ಬಾಣಲೆಯಿಂದ ಇಳಿದ ಹತ್ತು ನಿಮಿಷ ವಡೆ, ಆಮೇಲೆ ಅದು ಬೇರೆಯೇ ಪದಾರ್ಥ. ತಣ್ಣಗಾದದ್ದನ್ನು ಮತ್ತೆ ಎಣ್ಣೆಗೆ ಬಿಟ್ಟು ಬಿಸಿ ಮಾಡಿದರೆ ಹೊರಗೆ ಗಟ್ಟಿ, ಒಳಗೆ ಎಣ್ಣೆ. ಡಿಕಾಕ್ಷನ್ ಕೂಡ ಇಳಿಸಿ ಇಟ್ಟಷ್ಟೂ ಪರಿಮಳ ಕಳೆದುಕೊಂಡು ಕಹಿಯಾಗುತ್ತದೆ. ಇದ್ಯಾವುದನ್ನೂ ಬಾಣಸಿಗನ ಕೈಗುಣ ತಡೆಯಲಾರದು, ಗಿರಾಕಿಗಳ ಸಾಲು ಮಾತ್ರ ತಡೆಯುತ್ತದೆ. 1980ರ ದಶಕದಲ್ಲಿ ಜಯನಗರದಿಂದ ಶುರುವಾಗಿ ಊರೆಲ್ಲ ಹಬ್ಬಿದ ದರ್ಶಿನಿಗಳ ಗುಟ್ಟೂ ಇದೇ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ನಿಂತು ತಿಂದವನು ಹತ್ತು ನಿಮಿಷಕ್ಕೆ ಹೊರಡುತ್ತಾನೆ. ಹಾಗಾಗಿ ಬೆಲೆಯೂ ಕಡಿಮೆ, ಪದಾರ್ಥವೂ ಹಳಸುವುದಿಲ್ಲ. ಅದೇ ದರ್ಶಿನಿಗೆ ಮಧ್ಯಾಹ್ನ ಮೂರೂವರೆಗೆ ಹೋಗಿ, ಈ ಲೆಕ್ಕವೆಲ್ಲ ತಲೆಕೆಳಗಾಗಿರುತ್ತದೆ.

ಇದರ ಎದುರು ತುದಿಯಲ್ಲಿರುವುದು ಇನ್ನೂರು ಐಟಮಿನ ಮೆನು ಇರುವ ಮಲ್ಟಿ ಕ್ವಿಸೀನ್ ಹೋಟೆಲ್. ಏಳು ಜನಕ್ಕೆ ಏಳು ಆಸೆ ಇದ್ದಾಗ ಎಲ್ಲರೂ ಕೊನೆಗೆ ಹೋಗಿ ಸೇರುವುದು ಇಲ್ಲಿಗೇ. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಮೂರೂ ಒಂದೇ ಅಡುಗೆಮನೆಯಿಂದ ಬರಬೇಕಾದರೆ ಮುಂಚೆಯೇ ಮಾಡಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ನಾರ್ತ್ ಇಂಡಿಯನ್ ಪುಟದಲ್ಲಿ ಮೂವತ್ತು ಹೆಸರಿದ್ದರೂ ಒಳಗಿರುವುದು ಸಾಮಾನ್ಯವಾಗಿ ಮೂರು ಗ್ರೇವಿ: ಟೊಮೆಟೊದ ಕೆಂಪು, ಗೋಡಂಬಿಯ ಬಿಳಿ, ಈರುಳ್ಳಿ-ಟೊಮೆಟೊ ಹುರಿದ ಕಂದು. ಪನೀರ್ ಹಾಕಿದರೆ ಒಂದು ಹೆಸರು, ಅಣಬೆ ಹಾಕಿದರೆ ಇನ್ನೊಂದು. ಇದು ಮೋಸವಲ್ಲ, ದೊಡ್ಡ ಅಡುಗೆಮನೆ ನಡೆಯುವುದೇ ಹಾಗೆ. ಆದರೆ ‘ಯಾವುದು ತರಿಸಿದರೂ ಒಂದೇ ರುಚಿ’ ಎಂದು ನಿಮ್ಮ ಅಕ್ಕ ಗೊಣಗಿದರೆ ಅವರ ನಾಲಿಗೆ ಸರಿಯಾಗಿದೆ ಎಂದು ತಿಳಿಯಿರಿ. ಎಲ್ಲರಿಗೂ ಸಲ್ಲುವ ಒಂದು ಹೋಟೆಲ್ ಹುಡುಕುವ ಬದಲು, ಒಂದು ಹೊತ್ತು ಎರಡು ಗುಂಪಾಗಿ ಹೋಗುವುದೇ ಮೇಲು. ನಿಮ್ಮ ವಿಷಯದಲ್ಲಂತೂ ಅದು ಅನಿವಾರ್ಯ.

ರೇಟಿಂಗಿನ ವಿಷಯ. 4.1ಕ್ಕೂ 4.5ಕ್ಕೂ ನಡುವಿನ ವ್ಯತ್ಯಾಸಕ್ಕೆ ನಾನು ಬೆಲೆ ಕೊಡುವುದಿಲ್ಲ. ಹಳೆಯ ಹೋಟೆಲ್‌ಗಳಿಗೆ ‘ಪಾರ್ಕಿಂಗ್ ಇಲ್ಲ’, ‘ಪಕ್ಕದಲ್ಲಿ ಅಪರಿಚಿತರನ್ನು ಕೂರಿಸಿದರು’ ಎಂದು ಅಂಕ ಕಳೆಯುವವರು ಬಹಳ. ಹೊಸ ಹೋಟೆಲ್‌ಗಳಲ್ಲಿ ಬಿಲ್ ತಂದಿಡುವಾಗಲೇ ಫೋನ್ ಮುಂದೆ ಹಿಡಿದು ‘ಸರ್, ಒಂದು ಫೈವ್ ಸ್ಟಾರ್ ಹಾಕಿ, ನನ್ನ ಹೆಸರೂ ಬರೆಯಿರಿ’ ಎನ್ನುವ ಪದ್ಧತಿ ಬಂದಿದೆ. ಸಪ್ಲೈಯರ್ ಹೆಸರು ಹಾಕಿ ಹೊಗಳಿದ ಒಂದೂವರೆ ಸಾಲಿನ ರಿವ್ಯೂಗಳು ಸಾಲಾಗಿ ಕಂಡರೆ ಅವು ಕೇಳಿ ಬರೆಸಿದವು, ದಾಟಿಕೊಂಡು ಮುಂದೆ ಹೋಗಿ. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಪಾಲಿಸುವುದನ್ನು ಕಡ್ಡಾಯ ಮಾಡಲಿಲ್ಲ, ಹಾಗಾಗಿ ಜರಡಿ ಹಿಡಿಯುವ ಕೆಲಸ ನಿಮ್ಮದೇ. ‘ಹೊಸದು ಮೊದಲು’ ಎಂದು ಜೋಡಿಸಿಕೊಂಡು ಮೂರು ಸ್ಟಾರ್ ಕೊಟ್ಟವರನ್ನು ಓದಿ. ಅವರಿಗೆ ಹೊಗಳುವ ಹರಕೆಯೂ ಇಲ್ಲ, ಬೈಯುವ ಹಠವೂ ಇಲ್ಲ. ‘ದೋಸೆ ಚೆನ್ನಾಗಿತ್ತು, ಸಾಂಬಾರ್ ನೀರು, ಮುಕ್ಕಾಲು ಗಂಟೆ ಕಾದೆ’ ಎಂಬಂಥ ಒಂದು ಸಾಲು ಇನ್ನೂರು ಸ್ಟಾರ್‌ಗಿಂತ ಹೆಚ್ಚು ಹೇಳುತ್ತದೆ. ಫೋಟೊಗಳಲ್ಲಿ ತಿಂಡಿಯನ್ನಲ್ಲ, ಬೆಲೆಪಟ್ಟಿಯನ್ನೂ ಕೂರುವ ಜಾಗವನ್ನೂ ನೋಡಿ. ಕುರ್ಚಿ ಇದೆಯೇ, ಮೆಟ್ಟಿಲು ಹತ್ತಬೇಕೇ ಎಂಬುದು ನಿಮ್ಮ ತಂದೆಯವರಿಗೆ ರುಚಿಗಿಂತ ಮುಖ್ಯ. ಎಷ್ಟೋ ಕಡೆ ಎಸಿ ಹಾಲ್ ಮೇಲಿನ ಮಹಡಿಯಲ್ಲಿರುತ್ತದೆ, ಲಿಫ್ಟ್ ಇರುವುದಿಲ್ಲ, ಅದೇ ದೋಸೆಗೆ ಬೆಲೆಯೂ ಬೇರೆ.

ರೀಲ್ಸ್ ನೋಡಿ ಹೋಗುವವರಿಗೆ ಒಂದೇ ಮಾತು. ದೋಸೆಯ ಮೇಲೆ ಬೆಣ್ಣೆಯ ಗಡ್ಡೆ ಕರಗುವುದು, ಇಡ್ಲಿ ತುಪ್ಪದಲ್ಲಿ ತೇಲುವುದು ಕ್ಯಾಮೆರಾಕ್ಕೆ ಚೆಂದ. ಹಿಟ್ಟು ಹುಳಿ ಬಂದಿದ್ದರೂ, ಅಕ್ಕಿ ಅಗ್ಗದ್ದಾಗಿದ್ದರೂ ಅಷ್ಟು ತುಪ್ಪದ ಕೆಳಗೆ ಗೊತ್ತಾಗುವುದಿಲ್ಲ. ಹಾವೇರಿಯವರಿಗೆ ಬೆಣ್ಣೆ ದೋಸೆಯ ಪಾಠ ಹೇಳುವ ಧೈರ್ಯ ನನಗಿಲ್ಲ, ದಾವಣಗೆರೆ ನಿಮ್ಮ ಪಕ್ಕದಲ್ಲೇ ಇದೆ. ಬೆಂಗಳೂರಿನದು ಒಳಮೈಗೆ ಕೆಂಪು ಚಟ್ನಿ ಸವರಿದ, ಕಂದು ಬಣ್ಣಕ್ಕೆ ಹುರಿದ ಬೇರೆಯೇ ಜಾತಿ. ಹೋಲಿಸದೆ ತಿಂದರೆ ಸಂತೋಷವಾಗಿರುತ್ತೀರಿ.

ಇನ್ನು ನಿಮ್ಮ ನಾಲ್ಕು ದಿನ. ಹೆಸರಾದ ಹಳೆಯ ಹೋಟೆಲ್‌ಗಳಿಗೆ ವಾರದ ರಜೆ ಬೇರೆಬೇರೆ ದಿನ, ಇದನ್ನು ನೋಡದೆ ಹೊರಟವರು ಮುಚ್ಚಿದ ಬಾಗಿಲು ನೋಡಿ ವಾಪಸಾಗುತ್ತಾರೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ನಿಮ್ಮವರು ಬಂದಿರುವುದು ಸರಿಯಾಗಿ ಶುಕ್ರವಾರದಿಂದ ಸೋಮವಾರದವರೆಗೆ! ಮೇಲಾಗಿ ಮಧ್ಯಾಹ್ನ ಕೆಲಹೊತ್ತು ಬಾಗಿಲು ಹಾಕುವ ಪದ್ಧತಿಯೂ ಇಂಥ ಕಡೆಗಳಲ್ಲಿದೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ.

ಶುಕ್ರವಾರ ಮಲ್ಲೇಶ್ವರಕ್ಕೆ ಹೋಗಿ. ವಿಜಯನಗರದಿಂದ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ, ಅಲ್ಲಿಂದ ಆಟೊ. ಮಾರ್ಗೋಸಾ ರಸ್ತೆಯ ಸಿಟಿಆರ್‌ನಲ್ಲಿ ಕುರ್ಚಿ ಇದೆ, ಬೆಣ್ಣೆ ಮಸಾಲೆ ದೋಸೆ ಅಲ್ಲಿ ಓಡುವ ಐಟಂ. ಅದೇ ರಸ್ತೆಯಲ್ಲಿ ಮುಂದೆ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್ ಇಡ್ಲಿಗೆ ಹೆಸರುವಾಸಿ, ಆದರೆ ಅಲ್ಲಿ ರಸ್ತೆಬದಿ ನಿಂತೇ ತಿನ್ನಬೇಕು. ತಂದೆಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ, ಒಂದು ಪಾರ್ಸೆಲ್ ಕಟ್ಟಿಸಿದರಾಯಿತು.

ಶನಿವಾರ ಬೆಳಿಗ್ಗೆ ಎಂಟಿಆರ್. ಏಳಕ್ಕೆಲ್ಲ ಅಲ್ಲಿರಬೇಕು. ಎಂಟೂವರೆಗೆ ಹೋದರೆ ಹೆಸರು ಬರೆಸಿ ಕಾಯುವವರ ಗುಂಪಿನಲ್ಲಿ ನೀವೂ ಒಬ್ಬರು. 1924ರಲ್ಲಿ ಕುಂದಾಪುರ ಸೀಮೆಯಿಂದ ಬಂದ ಮಯ್ಯ ಸಹೋದರರು ಶುರು ಮಾಡಿದ ಹೋಟೆಲ್ ಇದು. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎನ್ನುತ್ತಾರೆ ಅಲ್ಲಿನವರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿ ಕಟ್ಟುನಿಟ್ಟು ಮಾಡಿದಾಗ, ಆ ಬೆಲೆಗೆ ಅದೇ ಗುಣಮಟ್ಟ ಕೊಡಲಾಗದು ಎಂದು ಹೋಟೆಲನ್ನೇ ಕೆಲವು ವರ್ಷ ಮುಚ್ಚಿ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿದರು. ಮಾರುಕಟ್ಟೆಯಲ್ಲಿ ಕಾಣುವ ಎಂಟಿಆರ್ ಪ್ಯಾಕೆಟ್‌ಗಳ ಮೂಲ ಅದು. ಹಾಗಾಗಿ ಅಲ್ಲಿ ಕೂತು ‘ಏನೇನಿದೆ’ ಎಂದು ಕೇಳುತ್ತ ಹೊತ್ತು ಕಳೆಯಬೇಡಿ, ರವೆ ಇಡ್ಲಿ ಹೇಳಿ. ತಿಂದ ಮೇಲೆ ಲಾಲ್‌ಬಾಗ್ ಹತ್ತಿರದಲ್ಲೇ ಇದೆ. ಮಕ್ಕಳು ಓಡಾಡಲಿ, ತಂದೆಯವರು ಬೆಂಚಿನ ಮೇಲೆ ಕೂರಲಿ.

ಅದೇ ಸಂಜೆ ಮಕ್ಕಳಿಗಾಗಿ ವಿ.ವಿ. ಪುರದ ತಿಂಡಿ ಬೀದಿ, ಸಜ್ಜನರಾವ್ ವೃತ್ತದ ಬಳಿ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ದೂರವಿಲ್ಲ. ಹೆಚ್ಚುಕಮ್ಮಿ ಸಸ್ಯಾಹಾರವೇ ಆದ್ದರಿಂದ ತಾಯಿಯವರಿಗೂ ಮುಜುಗರವಿಲ್ಲ. ಅಲ್ಲಿ ರಾಶಿ ಹಾಕಿಟ್ಟಿದ್ದನ್ನು ಬಿಟ್ಟು ಕಣ್ಣೆದುರು ಹೆಂಚಿನ ಮೇಲೆ ಬೇಯುತ್ತಿರುವುದನ್ನು ಹೇಳಿ: ಹೋಳಿಗೆ, ಅಕ್ಕಿ ರೊಟ್ಟಿ, ದೋಸೆ. ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆಯೆದ್ದು, ಹಾಗೇ ಹೊಗೆಯಾಡುತ್ತಿದ್ದರೆ ಮುಂದಿನ ಅಂಗಡಿ ನೋಡಿ. ಬಳಸಿದ ಎಣ್ಣೆ ಎಷ್ಟು ಕೆಟ್ಟ ಮೇಲೆ ಎಸೆಯಬೇಕು ಎಂಬುದಕ್ಕೆ 2018ರಿಂದ ಕಾನೂನಿನ ಮಿತಿಯೇ ಇದೆ, ಆದರೆ ಅಳೆಯುವ ಯಂತ್ರ ನಿಮ್ಮ ಜೇಬಿನಲ್ಲಿರುವುದಿಲ್ಲವಲ್ಲ. ಗೋಬಿ ಮಂಚೂರಿ ಕಣ್ಣಿಗೆ ಹೊಡೆಯುವಷ್ಟು ಕೆಂಪಗಿದ್ದರೆ ಮಕ್ಕಳು ಎಷ್ಟೇ ರಚ್ಚೆ ಹಿಡಿದರೂ ಬೇಡ. ಗೋಬಿಗೂ ಬೊಂಬಾಯಿ ಮಿಠಾಯಿಗೂ ರೋಡಮೈನ್-ಬಿ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಅಂದಹಾಗೆ ಚಿಲ್ಲರೆ ನಗದು ಇಟ್ಟುಕೊಂಡಿರಿ. 2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ಕಳಿಸಿದ ಜಿಎಸ್‌ಟಿ ನೋಟಿಸುಗಳ ಗಲಾಟೆಯಾದಾಗ ಸಣ್ಣ ಅಂಗಡಿಗಳಲ್ಲಿ ‘ಯುಪಿಐ ಇಲ್ಲ’ ಎಂಬ ಚೀಟಿಗಳು ಎದ್ದಿದ್ದವು, ನಗದೇ ವಾಸಿ ಎನ್ನುವವರು ಈಗಲೂ ಸಿಗುತ್ತಾರೆ.

ಭಾನುವಾರ ಗುಂಪು ಒಡೆಯಿರಿ. ಭಾವನವರನ್ನು ನೀವು ಜಯನಗರ ಎಂಟನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲಿಗೆ ಕರೆದೊಯ್ಯಿರಿ. ಮಿಲಿಟರಿ ಹೋಟೆಲ್ ಎಂದರೆ ರಾತ್ರಿ ಊಟದ ಜಾಗ ಎಂದುಕೊಂಡು ಬರುವವರು ಬಹಳ. ಇದು ಬೆಳಗಿನ ವ್ಯವಹಾರ. ಮುದ್ದೆ, ಕಾಲು ಸೂಪು, ಕೈಮಾ ಉಂಡೆ, ಬೋಟಿ ಎಲ್ಲ ಮುಂಜಾನೆಯೇ ಸಿದ್ಧವಾಗುತ್ತವೆ. ಕೊತ್ತಂಬರಿ-ಪುದೀನದ ಹಸಿರು ಮಸಾಲೆಗೆ ಜೀರಿಗೆ ಸಾಂಬಾ ಅಕ್ಕಿ ಸೇರಿಸಿ ಮಾಡುವ ದೊನ್ನೆ ಬಿರಿಯಾನಿಯ ದಬರಿ ಭಾನುವಾರ ಮಧ್ಯಾಹ್ನ ಎರಡರ ಹೊತ್ತಿಗೆ ಬರಿದಾಗಿರುವುದು ಮಾಮೂಲು. ಹನ್ನೆರಡರ ಒಳಗೆ ಕೂತಿರಿ. ಬಾಸ್ಮತಿಯ ಉದ್ದ ಅಗುಳು ನಿರೀಕ್ಷಿಸಿ ಹೋದರೆ ಭಾವನವರಿಗೆ ನಿರಾಸೆಯಾಗುತ್ತದೆ ಎಂದು ಮೊದಲೇ ಹೇಳಿಬಿಡಿ.

ಅಷ್ಟರಲ್ಲಿ ಉಳಿದವರು ವಿಜಯನಗರದಲ್ಲೇ ಇರಲಿ. ನಿಮ್ಮ ಕಡೆಯ ಖಾನಾವಳಿಗಳು ವಿಜಯನಗರ, ರಾಜಾಜಿನಗರ, ಮೆಜೆಸ್ಟಿಕ್ ಸುತ್ತ ಸಾಕಷ್ಟಿವೆ. ‘ಬೆಂಗಳೂರಿಗೆ ಬಂದೂ ರೊಟ್ಟಿಯೇ?’ ಎಂದು ನಗಬೇಡಿ. ಎರಡು ದಿನ ದೋಸೆ-ಇಡ್ಲಿ ತಿಂದ ಹಾವೇರಿಯ ಹಿರಿಯರು ಮೂರನೇ ದಿನ ‘ಎಲ್ಲಾದರೂ ಒಂದು ಬಿಸಿ ರೊಟ್ಟಿ ಸಿಗತೈತೇನ ನೋಡೋ’ ಎಂದೇ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಕಾರಣವೂ ಇದೆ. ಇಲ್ಲಿನ ಉಡುಪಿ ಶೈಲಿಯ ಸಾಂಬಾರಿಗೆ ಬೆಲ್ಲ ಬೀಳುತ್ತದೆ, ದರ್ಶಿನಿಗಳಲ್ಲಿ ಕಾಫಿಗೆ ಕೇಳದೆಯೇ ಸಕ್ಕರೆ ಬೀಳುತ್ತದೆ. ‘ಸಕ್ಕರೆ ಬೇಡ’ ಎಂಬುದನ್ನು ಟೋಕನ್ ತೆಗೆದುಕೊಳ್ಳುವಾಗಲೂ, ಕಾಫಿ ಸುರಿಯುವವನ ಮುಂದೆಯೂ ಹೇಳಬೇಕು. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸದೆ ಬೇರೆ ಬಟ್ಟಲಲ್ಲಿ ಹಾಕಿಸಿಕೊಳ್ಳಿ. ಖಾನಾವಳಿ ಆರಿಸುವುದು ಸುಲಭ: ರೊಟ್ಟಿ ಬಡಿಯುವ ಸದ್ದು ಊಟದ ಹಾಲ್‌ಗೆ ಕೇಳಿಸುತ್ತಿದ್ದರೆ ಕೂರಿ. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟ ರೊಟ್ಟಿ ತಂದರೆ ಒಣಗಿಸಿದ ಗರಿಗರಿ ಕಟಕ್ ರೊಟ್ಟಿಯನ್ನೇ ಕೇಳಿ, ಅದಾದರೆ ಹಳೆಯದಾದಷ್ಟೂ ಚಿಂತೆಯಿಲ್ಲ.

ವಿದ್ಯಾರ್ಥಿ ಭವನವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. 1943ರಿಂದ ಇರುವ ಹೋಟೆಲ್. ಶನಿವಾರ, ಭಾನುವಾರ ಜನ ರಸ್ತೆಗೆ ಬಂದಿರುತ್ತಾರೆ, ಸೋಮವಾರ ಹತ್ತರ ಹೊತ್ತಿಗೆ ಆಫೀಸಿಗೆ ಹೋಗುವವರು ಹೋಗಿಯಾಗಿರುತ್ತದೆ. ಕೂರಲು ಜಾಗವಿದೆ. ಸಪ್ಲೈಯರ್ ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆ ದೋಸೆ ಪೇರಿಸಿಕೊಂಡು ಬರುವುದನ್ನು ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಗಮನಿಸಿ, ಆ ತೋಳಿನ ಮೇಲಿರುವುದು ಬಹುಪಾಲು ಮಸಾಲೆ ದೋಸೆ. ಹೆಂಚು ಒಂದೇ ಕಾವಿಗೆ ನಿಂತಿದೆ, ಹಿಟ್ಟು ಒಂದೇ, ಭಟ್ಟರ ಕೈ ಒಂದೇ ಕೆಲಸಕ್ಕೆ ಪಳಗಿದೆ. ‘ನನಗೆ ಈರುಳ್ಳಿ ಹಾಕಿ, ಎಣ್ಣೆ ಕಮ್ಮಿ ಮಾಡಿ’ ಎನ್ನಲು ಅದು ಜಾಗವಲ್ಲ. ದೊರೆ ಬಂದರೂ ಎಲ್ಲರದ್ದೂ ಒಂದೇ ದೋಸೆ.

ಸಣ್ಣ ಹೋಟೆಲ್ ಹೊಕ್ಕಾಗ ನಾನು ನೋಡುವ ಒಂದೆರಡು ಸಂಗತಿ ಹೇಳುತ್ತೇನೆ. ದರ್ಶಿನಿಯಲ್ಲಿ ಚಮಚ ಅದ್ದಿಟ್ಟ ನೀರಿನ ಪಾತ್ರೆಯಿಂದ ಆವಿ ಏಳುತ್ತಿರಬೇಕು. ಉಗುರುಬೆಚ್ಚಗಿನ ಕಲಕು ನೀರಾದರೆ ಕೈಯಲ್ಲೇ ತಿನ್ನಿ. ಇಡ್ಲಿಯನ್ನು ಮಗುಚಿ ನೋಡಿ. ಬಟ್ಟೆ ಹಾಸಿ ಬೇಯಿಸಿದ್ದರೆ ತಳದಲ್ಲಿ ನೇಯ್ಗೆಯ ಸಣ್ಣ ಗೆರೆಗಳು ಮೂಡಿರುತ್ತವೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ನಿಷೇಧಿಸಿದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಬೆಂದ ಇಡ್ಲಿಯ ತಳವೂ ನುಣ್ಣಗಿರುತ್ತದೆ, ಆದ್ದರಿಂದ ನುಣ್ಣಗಿದ್ದ ಮಾತ್ರಕ್ಕೆ ಜಗಳ ಬೇಡ. ನೇಯ್ಗೆ ಕಂಡರೆ ಮಾತ್ರ ಎರಡನೇ ಪ್ಲೇಟ್ ಹೇಳಿ. ಮತ್ತೆ, ‘ಏನಿದೆ?’ ಎಂದು ಕೇಳಿದರೆ ಸಪ್ಲೈಯರ್ ಉಸಿರು ಬಿಡದೆ ಇಡೀ ಪಟ್ಟಿ ಒಪ್ಪಿಸುತ್ತಾನೆ. ‘ಬಿಸಿ ಇದೆಯಾ?’ ಎಂದರೆ ಎಲ್ಲವೂ ಬಿಸಿಯೇ. ‘ಈಗ ತಾನೇ ಯಾವುದು ಇಳಿಸಿದರು?’ ಎಂದು ಕೇಳಿ ನೋಡಿ. ಆತ ಒಂದು ಗಳಿಗೆ ಒಳಗೆ ಕಣ್ಣು ಹಾಯಿಸಿ, ನಿಜ ಹೇಳುತ್ತಾನೆ.

ಸರ್ವಿಸ್ ಚಾರ್ಜ್ ವಿಷಯದಲ್ಲಿ ಮೆತ್ತಗಾಗಬೇಡಿ. ಹೋಟೆಲ್‌ನವರು ತಾವಾಗಿಯೇ ಅದನ್ನು ಬಿಲ್ಲಿಗೆ ಸೇರಿಸುವ ಹಾಗಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದವು, 2025ರ ಮಾರ್ಚ್ 28ರಂದು ಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಹಣದ ಲೆಕ್ಕ ನೋಡಿ: ₹2,000 ಊಟಕ್ಕೆ ಶೇ 5 ಜಿಎಸ್‌ಟಿ ಸೇರಿ ₹2,100 ಆಗಬೇಕು. ಶೇ 10 ಸರ್ವಿಸ್ ಚಾರ್ಜ್ ಹಾಕಿ, ಅದರ ಮೇಲೂ ಜಿಎಸ್‌ಟಿ ಎಳೆದರೆ ₹2,310. ದುಡ್ಡು ಕೊಡುವ ಮುಂಚೆ ‘ಇದನ್ನು ತೆಗೆದು ಬೇರೆ ಬಿಲ್ ಕೊಡಿ’ ಎಂದು ಕ್ಯಾಷ್ ಕೌಂಟರಿನಲ್ಲಿ ಮೆಲ್ಲಗೆ ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಿಮ್ಮನ್ನು ಚೆನ್ನಾಗಿ ನೋಡಿಕೊಂಡ ಸಪ್ಲೈಯರ್‌ಗೆ ಕೊಡಬೇಕೆನಿಸಿದರೆ ಅವನ ಕೈಗೇ ಕೊಡಿ. ಎಸಿ ಇದ್ದರೂ ಇಲ್ಲದಿದ್ದರೂ ಹೋಟೆಲ್ ಊಟಕ್ಕೆ ಜಿಎಸ್‌ಟಿ ಸಾಮಾನ್ಯವಾಗಿ ಶೇ 5 ಅಷ್ಟೇ. ಶೇ 18 ಬರುವುದು ದುಬಾರಿ ಬಾಡಿಗೆಯ ತಂಗುವ ಹೋಟೆಲ್‌ಗಳ ಒಳಗಿನ ರೆಸ್ಟೊರೆಂಟ್‌ಗಳಲ್ಲಿ. ಇನ್ನು ವಹಿವಾಟಿನ ಮೇಲೆ ತಾವೇ ಒಂದಿಷ್ಟು ತೆರಿಗೆ ಕಟ್ಟಿಬಿಡುವ ‘ಕಾಂಪೊಸಿಷನ್’ ಯೋಜನೆಯಲ್ಲಿರುವ ಸಣ್ಣ ಹೋಟೆಲ್‌ನವರು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ. ಊಟ ಮಾಡಿ ಹೊಟ್ಟೆ ಕೆಟ್ಟರೆ ಬಿಲ್ ಎಸೆಯಬೇಡಿ, ಅದರ ಮೇಲೆ 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರಬೇಕು, ದೂರಿಗೆ ಅದೇ ಆಧಾರ.

ಎಲ್ಲೇ ಹೋದರೂ ‘ಇಪ್ಪತ್ತು ನಿಮಿಷ ಆಗುತ್ತೆ ಸರ್’ ಎಂದರೆ ನಲವತ್ತು ಎಂದು ಲೆಕ್ಕ ಹಾಕಿ. ಏಳು ಜನ ಒಂದೇ ಮೇಜಿಗೆ ಬೇಕೆಂದು ಹಠ ಹಿಡಿದರೆ ಅದೂ ಸಾಲದು, ನಾಲ್ಕು ಮತ್ತು ಮೂರಾಗಿ ಕೂರುತ್ತೇವೆ ಎಂದರೆ ಬೇಗ ಕರೆಯುತ್ತಾರೆ. ಅಕ್ಕಪಕ್ಕದಲ್ಲಿ ಇನ್ನೊಂದು ಹೋಟೆಲ್ ಮೊದಲೇ ನೋಡಿಟ್ಟಿರಿ. ಅರ್ಧ ಗಂಟೆಗಿಂತ ಹೆಚ್ಚು ಕಾಯುವಂಥ ದೋಸೆ ಬೆಂಗಳೂರಿನಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ, ಮಂಡಿನೋವಿನವರು ಜೊತೆಗಿದ್ದಾಗಲಂತೂ.

ಸೋಮವಾರ ರಾತ್ರಿಯ ರೈಲಿಗೆ ಪಾರ್ಸೆಲ್ ಕಟ್ಟಿಸುವುದಾದರೆ ಪುಳಿಯೋಗರೆ ಅಥವಾ ಚಪಾತಿ-ಒಣ ಪಲ್ಯ ಇರಲಿ. ತೆಂಗಿನಕಾಯಿ ಚಟ್ನಿ ಬೇಡ. ಮೊಸರನ್ನ ಬೇಕೇ ಬೇಕೆಂದರೆ ಅನ್ನವನ್ನೂ ಮೊಸರನ್ನೂ ಬೇರೆಬೇರೆ ಕಟ್ಟಿಸಿ, ತುಮಕೂರು ದಾಟಿದ ಮೇಲೆ ಕಲಸಿಕೊಳ್ಳಲಿ.